ಮೋಡದ ಮೇಲಿನ ಮನೆಗೊಂದು ಬೇಸಿಗೆಯ ಮುನ್ನೋಟ

ಏಪ್ರಿಲ್ ತಿಂಗಳ ಒಂದು ಸೋಮವಾರ ಆ ಕೆಲಸ ನನ್ನ ಮೇಜಿಗೆ ಬಂದಾಗ, ಇದು ಎರಡು ದಿನದ ಬಾಬತ್ತು ಎಂದುಕೊಂಡಿದ್ದೆ. ಆಫ್ರಿಕಾದ ವಾಯವ್ಯ ಕರಾವಳಿಯಾಚೆಯ ಕ್ಯಾನರಿ ದ್ವೀಪಮಾಲೆಗೆ ಜೂನ್‌ನಿಂದ ಆಗಸ್ಟ್‌ವರೆಗಿನ ಹವಾಮಾನದ ಮುನ್ನೋಟ ಬೇಕಿತ್ತು. ಕೇಳಿದವರು ಜರ್ಮನಿಯ ಕಲೋನ್ ನಗರದ ಒಂದು ಸಣ್ಣ ಸಂಘದವರು. ಶ್ವಾಸಕೋಶದ ಕಾಯಿಲೆ ಇರುವವರನ್ನು ವರ್ಷಕ್ಕೊಮ್ಮೆ, ಎರಡು ವಾರದ ಮಟ್ಟಿಗೆ, ಅಲ್ಲಿನ ಒಂದು ದ್ವೀಪದ ಬೆಟ್ಟದ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಪ್ರತಿವರ್ಷ ಹೋಗುತ್ತಿದ್ದುದು ವಸಂತದಲ್ಲಿ. ಆ ವರ್ಷ ರಿಪೇರಿಗೆಂದು ಮನೆಯ ಮಾಡು ಬಿಚ್ಚಿದ್ದರಿಂದ ಆಗಸ್ಟ್ ಒಂದೇ ಉಳಿದಿತ್ತು. ಹನ್ನೆರಡು ಜನ ರೋಗಿಗಳು, ಜೊತೆಗೆ ಇಬ್ಬರು ನರ್ಸ್‌ಗಳು. ಆಗಸ್ಟಿನಲ್ಲಿ ಕರೆದೊಯ್ಯಬಹುದೇ, ಬೇಡವೇ ಎಂದು ಮೇ ಕೊನೆಯೊಳಗೆ ಅವರು ತೀರ್ಮಾನಿಸಬೇಕಿತ್ತು.

ಫ್ರಾಂಕ್‌ಫರ್ಟಿನ ಆ ಪುಟ್ಟ ಹವಾಮಾನ ಕಂಪನಿಗೆ ನಾನು ಸೇರಿ ನಾಲ್ಕು ತಿಂಗಳಾಗಿತ್ತು. ಇಲ್ಲಿ ದುಡಿಯಲು ಪರವಾನಗಿ ಕೊಡುವ ಬ್ಲೂ ಕಾರ್ಡ್ ಹೊಸದು. ಆರು ತಿಂಗಳ ಪ್ರೋಬೆಟ್ಸೈಟ್, ಅಂದರೆ ಯಾವಾಗ ಬೇಕಾದರೂ ಮನೆಗೆ ಕಳಿಸಬಹುದಾದ ಅವಧಿ, ಇನ್ನೂ ಮುಗಿದಿರಲಿಲ್ಲ. ಆ ಕಾಲದಲ್ಲಿ ಮನುಷ್ಯ ತಪ್ಪು ಮಾಡದಿರಲು ನೋಡುತ್ತಾನೆ, ಮಾಡಿದ್ದನ್ನು ತೋರಿಸದಿರಲೂ ನೋಡುತ್ತಾನೆ. ನಾನೇನೂ ಬೇರೆಯವಳಲ್ಲ.

ಋತುವಿನ ಮುನ್ನೋಟ ಎಂದರೆ ಜನ ತಿಳಿದಷ್ಟು ದೊಡ್ಡ ವಿದ್ಯೆಯಲ್ಲ. ಆಗಸ್ಟ್ ಹನ್ನೊಂದಕ್ಕೆ ಬಿಸಿಲೋ ಮೋಡವೋ ಎಂದು ಏಪ್ರಿಲ್‌ನಲ್ಲಿ ಹೇಳಬಲ್ಲವರು ಯಾರೂ ಇಲ್ಲ, ಹೇಳಿದರೆ ನಂಬಬೇಡಿ. ಕಂಪ್ಯೂಟರಿನ ಒಂದೇ ಮಾದರಿಯನ್ನು, ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಮಾಡಿ, ಐವತ್ತು ಸಲ ಓಡಿಸುತ್ತಾರೆ. ಐವತ್ತು ಬಗೆಯ ಬೇಸಿಗೆಗಳು ಸಿಗುತ್ತವೆ. ಅವುಗಳಲ್ಲಿ ವಾಡಿಕೆಗಿಂತ ಬಿಸಿಯಾದವು ಎಷ್ಟು, ವಾಡಿಕೆಯಂತೆ ಎಷ್ಟು, ತಂಪಾದವು ಎಷ್ಟು ಎಂದು ಎಣಿಸುವುದು ನಮ್ಮ ಕೆಲಸ. ಆಮೇಲೆ ಅದೇ ಮಾದರಿ ಹಿಂದಿನ ವರ್ಷಗಳಲ್ಲಿ ಎಷ್ಟು ಸಲ ಸರಿ ಹೇಳಿತ್ತು ಎಂದು, ಆ ಜಾಗದಲ್ಲಿ ನಿಜವಾಗಿ ಅಳೆದ ದಾಖಲೆಯೊಂದಿಗೆ ತಾಳೆ ನೋಡಬೇಕು. ಆ ದ್ವೀಪದಲ್ಲಿ ನನಗೆ ಸಿಕ್ಕಿದ ಉದ್ದದ, ನಡುವೆ ಖಾಲಿ ಬಿಡದ ದಾಖಲೆ ಎಂದರೆ ವಿಮಾನ ನಿಲ್ದಾಣದ್ದು. ಎಲ್ಲರೂ ಬಳಸುವುದು ಅದನ್ನೇ. ನಾನೂ ಅದನ್ನೇ ಬಳಸಿದೆ.

ತಾಳೆ ಚೆನ್ನಾಗಿ ಬಂತು. ಈಶಾನ್ಯದಿಂದ ಬೀಸುವ ಗಾಳಿ ವಾಡಿಕೆಯಂತೆ, ಸಮುದ್ರದ ತಂಪು ವಾಡಿಕೆಯಂತೆ, ಮೂರೂ ಪಾಲುಗಳು ಹೆಚ್ಚುಕಡಿಮೆ ಸಮ. ಇಂಥ ಮುನ್ನೋಟ ಬರೆಯುವುದು ಸುಲಭ. ಒಂದೂವರೆ ಪುಟದಲ್ಲಿ ಮುಗಿಸಿದೆ.

ನಮ್ಮ ಕಚೇರಿಯಲ್ಲಿ ನಾಲ್ಕು ಕಣ್ಣಿನ ನಿಯಮ ಎಂಬುದೊಂದಿತ್ತು. ಯಾವ ಮುನ್ನೋಟವೂ ಒಬ್ಬರ ಸಹಿಯಲ್ಲಿ ಹೊರಗೆ ಹೋಗುವಂತಿಲ್ಲ, ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ನನಗೆ ಎರಡನೆಯ ಜೋಡಿ ಕಣ್ಣಾಗಿದ್ದವರು ಧಾರವಾಡದವರು. ಕಚೇರಿಯಲ್ಲಿ ನನ್ನನ್ನು ಬಿಟ್ಟರೆ ಕನ್ನಡದವರು ಅವರೊಬ್ಬರೇ, ನನಗಿಂತ ಹತ್ತು ವರ್ಷ ದೊಡ್ಡವರು. ಸೇರಿದ ಮೊದಲ ವಾರವೇ ನನ್ನನ್ನು ತಂಗಿ ಎಂದು ಕರೆಯಲು ಶುರುಮಾಡಿದ್ದರು, ನಾನು ಅಣ್ಣ ಎನ್ನುತ್ತಿದ್ದೆ. ಅವರು ನನ್ನ ಒಂದೂವರೆ ಪುಟ ಓದಿ, ಎರಡು ಅಂಕಿ ಕೇಳಿ, ಸಹಿ ಹಾಕಿದರು.

ಕಳಿಸುವ ಮುಂಚೆ ಸಂಘದ ಸಂಯೋಜಕಿ ಒಂದೇ ಒಂದು ಪ್ರಶ್ನೆ ಕೇಳಿದ್ದಳು: ಮನೆ ಸಾವಿರ ಮೀಟರ್ ಎತ್ತರದಲ್ಲಿದೆ, ಅದರಿಂದ ಏನಾದರೂ ವ್ಯತ್ಯಾಸ ಆಗುತ್ತದೆಯೇ? ನಾನು ಉಡುಪಿಯವಳು. ಕರಾವಳಿಯಲ್ಲಿ ಬೆವರು ಸುರಿಸಿ ಬೆಳೆದವರಿಗೆ ಘಟ್ಟ ಹತ್ತಿದರೆ ತಂಪು ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಬಸ್ಸು ಆಗುಂಬೆಯ ತಿರುವು ಹತ್ತುವಾಗ ಅಮ್ಮ ಚೀಲದಿಂದ ಸ್ವೆಟರ್ ತೆಗೆಯುತ್ತಿದ್ದಳು. ಪಠ್ಯಪುಸ್ತಕವೂ ಅದನ್ನೇ ಹೇಳುತ್ತದೆ, ಕಿಲೋಮೀಟರ್ ಏರಿದರೆ ಆರೇಳು ಡಿಗ್ರಿ ಇಳಿಯುತ್ತದೆ. ಎತ್ತರದಲ್ಲಿ ಇನ್ನೂ ಹಿತವಾಗಿರುತ್ತದೆ ಎಂದು ಎರಡು ಸಾಲು ಸೇರಿಸಿ, ಅದನ್ನೂ ಅಣ್ಣನಿಗೆ ತೋರಿಸಿ ಕಳಿಸಿಬಿಟ್ಟೆ.

ಮೇ ಮೊದಲ ವಾರ ಒಬ್ಬ ಮುದುಕರು ನನ್ನನ್ನು ಕೇಳಿಕೊಂಡು ಕಚೇರಿಗೆ ಬಂದರು. ಮೂಗಿಗೆ ಪ್ಲಾಸ್ಟಿಕ್ ಕೊಳವೆ, ಹಿಂದೆ ಎರಡು ಗಾಲಿಯ ಮೇಲೆ ಆಮ್ಲಜನಕದ ಸಿಲಿಂಡರು. ಫ್ರಾಂಕ್‌ಫರ್ಟಿನಲ್ಲೇ ಟ್ರಾಮ್ ಓಡಿಸಿ ನಿವೃತ್ತರಾದವರು. ಮನೆ ನಮ್ಮ ಕಚೇರಿಯಿಂದ ಮೂರೇ ಸ್ಟಾಪ್. ಸಂಘದ ಹನ್ನೆರಡು ಜನರಲ್ಲಿ ತಾವೂ ಒಬ್ಬರು, ತಮ್ಮ ಬೇಸಿಗೆಯನ್ನು ಬರೆದವರು ಯಾರು ಎಂದು ನೋಡಿ ಥ್ಯಾಂಕ್ಸ್ ಹೇಳಿ ಹೋಗೋಣ ಎಂದು ಬಂದೆ ಎಂದರು. ನನಗೆ ಮುಜುಗರವಾಯಿತು. ನಮ್ಮ ಮುನ್ನೋಟ ಓದಿದವರನ್ನು ನಾವು ಎಂದೂ ನೋಡಿದವರಲ್ಲ.

ಕಾಫಿ ಕೊಟ್ಟು ಕೂರಿಸಿದೆ. ಪ್ರತಿ ವಾಕ್ಯದ ನಡುವೆ ನಿಂತು, ಉಸಿರು ತುಂಬಿಕೊಂಡು ಮಾತಾಡುತ್ತಿದ್ದರು. ಹನ್ನೆರಡು ವರ್ಷದ ಹಿಂದೆ, ಒಂದು ಆಗಸ್ಟಿನಲ್ಲಿ, ಹೆಂಡತಿಯ ಜೊತೆ ಅದೇ ಮನೆಯಲ್ಲಿ ಉಳಿದಿದ್ದರಂತೆ. ಅಂಗಳದಲ್ಲಿ ಕುರ್ಚಿ ಹಾಕಿ ಕೂತರೆ ಮೋಡ ಕಾಲ ಕೆಳಗೆ ಇರುತ್ತದೆ, ಸಂಜೆಯವರೆಗೂ ಹಾಗೇ ಹರಡಿಕೊಂಡಿರುತ್ತದೆ ಎಂದು ಕೈಯಗಲಿಸಿ ತೋರಿಸಿದರು. ಹೆಂಡತಿ ಈಗಿಲ್ಲ. ಆ ಅಂಗಳದಲ್ಲಿ ಇನ್ನೊಮ್ಮೆ ಕೂರಬೇಕು ಎಂಬುದೊಂದೇ ಅವರಿಗೆ ಉಳಿದಿದ್ದ ಆಸೆ. ನರ್ಸ್‌ಗಳಿರುವ ಗುಂಪಿನ ಜೊತೆಗಾದರೆ ಮಾತ್ರ ಎಂದು ವೈದ್ಯರು ಒಪ್ಪಿದ್ದರು. ಮುಂದಿನ ವರ್ಷ ಯಾರ ಜೊತೆಗೂ ಸಾಧ್ಯವಾಗುವುದಿಲ್ಲ ಎಂದೂ ಅವರೇ ಹೇಳಿದ್ದರು. ಮುದುಕರು ಅದನ್ನು ನಮ್ಮ ಮುಂದಿನ ಟ್ರಾಮ್ ಎಷ್ಟು ಗಂಟೆಗೆ ಎನ್ನುವ ಧಾಟಿಯಲ್ಲೇ ಹೇಳಿದರು.

ಏಳುವ ಮೊದಲು ಜೇಬಿನಿಂದ ಒಂದು ಫೋಟೋ ತೆಗೆದು ಕೊಟ್ಟರು. ಅಂಗಳ, ಎರಡು ಕುರ್ಚಿ, ನಗುತ್ತಿರುವ ಹೆಂಗಸು, ಅವರಾಚೆ ಬಿಳಿ ಮೋಡ. ನಾನು ಹೆಂಗಸಿನ ಮುಖ ನೋಡಬೇಕಿತ್ತು. ನೋಡಿದ್ದು ಅವರ ಹೆಗಲ ಹಿಂದೆ ನಾಲ್ಕು ಕಾಲಿನ ಮೇಲೆ ನಿಂತಿದ್ದ, ಜಾಲಂದರದ ಗೋಡೆಗಳ ಬಿಳಿ ಮರದ ಪೆಟ್ಟಿಗೆಯನ್ನು. ನಮ್ಮ ಕಸುಬಿನವರು ಅದನ್ನು ಎಲ್ಲಿ ಕಂಡರೂ ಗುರುತಿಸುತ್ತೇವೆ. ಒಳಗೆ ಉಷ್ಣಮಾಪಕ ಇರುತ್ತದೆ. ಯಾರು ಓದುತ್ತಾರೆ ಇದನ್ನು ಎಂದು ಕೇಳಿದೆ. ಮನೆ ನೋಡಿಕೊಳ್ಳುವ ಹೆಂಗಸು, ದಿನಕ್ಕೆ ಮೂರು ಸಲ, ಅವಳಪ್ಪನ ಕಾಲದಿಂದ ಬಂದ ಅಭ್ಯಾಸ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ ಎಂದರು.

ಅವರು ಹೋದ ಮೇಲೆ ನಾನು ಸುಮ್ಮನಿರಬಹುದಿತ್ತು. ಮುನ್ನೋಟ ಕಳಿಸಿಯಾಗಿತ್ತು, ಎರಡು ಸಹಿ ಬಿದ್ದಿತ್ತು. ಆದರೆ ಕೈ ಸುಮ್ಮನಿರಲಿಲ್ಲ. ಆ ನೋಟ್‌ಬುಕ್ಕಿನ ಆಗಸ್ಟ್ ಪುಟಗಳ ಫೋಟೋ ಸಿಗಬಹುದೇ ಎಂದು ಸಂಯೋಜಕಿಗೆ ಬರೆದೆ. ಒಂದು ವಾರದಲ್ಲಿ ಹತ್ತು ಹನ್ನೊಂದು ಆಗಸ್ಟ್‌ಗಳು ಬಂದವು, ಕೆಲವು ತಲೆಕೆಳಗಾಗಿ, ಕೆಲವಕ್ಕೆ ಮನೆ ನೋಡಿಕೊಳ್ಳುವ ಹೆಂಗಸಿನ ಹೆಬ್ಬೆರಳೂ ಸೇರಿಕೊಂಡು. ನೀಲಿ ಶಾಯಿ, ಚೌಕುಳಿ ಹಾಳೆ. ತಾಪಮಾನ, ತೇವಾಂಶ, ಗಾಳಿ, ಮೋಡ. ಕೆಲವು ದಿನಗಳ ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಅಡ್ಡಗೆರೆ ಇತ್ತು.

ಎಲ್ಲವನ್ನೂ ಕಂಪ್ಯೂಟರಿಗೆ ಹೊಡೆದು ವಿಮಾನ ನಿಲ್ದಾಣದ ದಾಖಲೆಯ ಪಕ್ಕ ಇಟ್ಟೆ. ಮೊದಲು ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಕೆಂಪು ಗೆರೆಯ ದಿನಗಳಲ್ಲಿ ಕೆಳಗೆ ನಿಲ್ದಾಣದಲ್ಲಿ ಇಪ್ಪತ್ತೇಳು ಡಿಗ್ರಿ ಇದ್ದರೆ ಮೇಲೆ ಮನೆಯಲ್ಲಿ ಮೂವತ್ತೇಳು. ತೇವಾಂಶ ಪಾತಾಳಕ್ಕೆ ಇಳಿದಿತ್ತು. ಮೋಡದ ಅಂಕಣದಲ್ಲಿ ಮೋಡದ ಬದಲು ದೂಳು ಎಂದಿತ್ತು.

ಕಾರಣ ಗೊತ್ತಿಲ್ಲದ್ದೇನಲ್ಲ, ನಾನು ಪರೀಕ್ಷೆಗೆ ಓದಿದ್ದೇ. ಬೇಸಿಗೆಯಲ್ಲಿ ಆ ದ್ವೀಪಗಳ ಸುತ್ತ ಸಮುದ್ರದ ತಂಪು ಗಾಳಿ ಕೆಳಗೆ ಒಂದು ತೆಳು ಪದರವಾಗಿ ಮಲಗಿರುತ್ತದೆ. ಮೋಡ ಆ ಪದರದ ನೆತ್ತಿಯಲ್ಲೇ ಕಟ್ಟಿಕೊಳ್ಳುತ್ತದೆ. ಅದರ ಮೇಲಿರುವುದು ಬೇರೆಯೇ ಗಾಳಿ. ಪೂರ್ವದಿಂದ ಸಹಾರಾದ ಬಿಸಿ, ದೂಳು ಬಂದರೆ ಅದು ಈ ಪದರದ ಮೇಲೆಯೇ ಜಾರಿಕೊಂಡು ಬರುತ್ತದೆ. ಅಲ್ಲಿಯವರು ಅದಕ್ಕೆ ಕಲೀಮಾ ಎನ್ನುತ್ತಾರೆ. ಕೆಳಗೆ ವಿಮಾನ ಇಳಿದವರಿಗೆ ಹಿತವಾದ ಗಾಳಿ, ಮೇಲೆ ಮನೆಯಲ್ಲಿದ್ದವರಿಗೆ ಒಲೆಯ ಬಾಯಿ. ಮುದುಕರು ಮೋಡದ ಮೇಲೆ ಕೂತಿದ್ದೆ ಎಂದಾಗಲೇ ನನಗೆ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಮ್ಮನ ಸ್ವೆಟರ್ ನೆನಪಿಟ್ಟುಕೊಂಡು ಲೆಕ್ಕ ಮಾಡಿದ್ದೆ.

ಈಗ ಮಾದರಿಯ ಕೆಳಪದರ ಬಿಟ್ಟು ಮೋಡದ ಮೇಲಿನ ಗಾಳಿಯನ್ನು ತೋರಿಸುವ, ಒಂದೂವರೆ ಕಿಲೋಮೀಟರ್ ಎತ್ತರದ ಪದರ ತೆಗೆದು ನೋಡಿದೆ. ಆ ಬೇಸಿಗೆಯ ಐವತ್ತು ಓಟಗಳಲ್ಲಿ ಬಹುಪಾಲು ಓಟಗಳು ಅಲ್ಲಿ ಪೂರ್ವದ ಗಾಳಿಯನ್ನು ವಾಡಿಕೆಗಿಂತ ಹೆಚ್ಚು ತೋರಿಸುತ್ತಿದ್ದವು. ನೋಟ್‌ಬುಕ್ಕಿನ ಕೆಂಪು ಗೆರೆಗಳ ಜೊತೆ ಹೊಂದಿಸಿದಾಗ, ಆಗಸ್ಟಿನಲ್ಲಿ ಮನೆಯ ಎತ್ತರಕ್ಕೆ ದೂಳಿನ ದಿನಗಳು ವಾಡಿಕೆ ಮೀರುವ ಸಂಭವ ಹತ್ತರಲ್ಲಿ ಏಳು ಎಂದು ಬಂತು. ಶ್ವಾಸಕೋಶ ಅರ್ಧ ಕೆಲಸ ಮಾಡುವ ಹನ್ನೆರಡು ಜನ ಅಲ್ಲಿರುತ್ತಾರೆ. ಆಸ್ಪತ್ರೆಗೆ ಬೆಟ್ಟ ಇಳಿಯಲು ಒಂದೂವರೆ ಗಂಟೆ.

ಧಾರವಾಡದ ಅಣ್ಣನಿಗೆ ಮರುದಿನ ಊಟದ ಹೊತ್ತಿಗೆ ಹೇಳಿದೆ. ಅವರು ಡಬ್ಬಿ ಮುಚ್ಚಿಟ್ಟರು. ತಾನೂ ಗುಡ್ಡ ಅಂದರೆ ತಂಪು ಎಂದೇ ಓದಿಕೊಂಡು ಸಹಿ ಹಾಕಿದೆ ಎಂದು ಒಪ್ಪಿಕೊಂಡರು. ನಾಲ್ಕು ಕಣ್ಣು ಇದ್ದವು ನಿಜ, ನಾಲ್ಕೂ ಒಂದೇ ಕಡೆಯಿಂದ ನೋಡಿದ್ದವು.

ನಾನು ಮುದುಕರ ವಿಷಯವನ್ನೂ ಹೇಳಿದೆ. ನಿಜ ಹೇಳಬೇಕೆಂದರೆ, ಲೆಕ್ಕ ಬದಲಾದಾಗಿನಿಂದ ನನ್ನೊಳಗೆ ಒಂದು ಕಳ್ಳ ಯೋಚನೆ ಓಡಾಡುತ್ತಿತ್ತು: ಹತ್ತರಲ್ಲಿ ಮೂರು ಇದೆಯಲ್ಲ, ಹೋಗಿ ಬರಲಿ, ಅವರಿಗೆ ಇನ್ನೊಂದು ಬೇಸಿಗೆ ಇಲ್ಲ.

"ಎಂತ ಮಾಡುದು ಅಣ್ಣ, ಅವರನ್ನು ನೋಡದಿದ್ದರೆ ಒಳ್ಳೇದಿತ್ತು ಮಾರಾಯ್ರೆ" ಎಂದೆ.

"ನೋಡು ತಂಗಿ" ಎಂದರು ಅವರು. "ಮುದುಕರ ಮಾರಿ ನೋಡಿ ಲೆಕ್ಕಾ ಮಾಡಬ್ಯಾಡ. ಹೆಚ್ಚೂ ಹಿಡೀಬ್ಯಾಡ, ಕಡಿಮಿನೂ ಹಿಡೀಬ್ಯಾಡ. ಅವರು ಸತ್ತ ಮ್ಯಾಲೂ ಆ ಹಾಳಿ ಹಂಗ ಇರತದ, ನೀ ಅದನ್ನ ಓದಬೇಕಾಗ್ತದ."

ಈ ಸಲ ನಿಯಮವನ್ನು ಸರಿಯಾಗಿ ಪಾಲಿಸೋಣ ಎಂದರು. ನಿನ್ನ ಉತ್ತರ ತೋರಿಸಬೇಡ, ನಿನ್ನ ಫೈಲೂ ಬೇಡ, ಬರಿಯ ನೋಟ್‌ಬುಕ್ಕಿನ ಫೋಟೋ ಕೊಡು, ನಾನು ಮೊದಲಿನಿಂದ ಮಾಡುತ್ತೇನೆ ಎಂದರು. ಅಷ್ಟನ್ನೂ ಮತ್ತೆ ಕೈಯಲ್ಲಿ ಹೊಡೆಯಲು ಅವರಿಗೆ ಮೂರು ದಿನ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಒಂದು ಹಾಳೆ ಹಿಡಿದು ಬಂದರು. ನೋಟ್‌ಬುಕ್ ಬರೆದ ಹೆಂಗಸು ಒಂದರ ಅಂಕಿಗೆ ಉದ್ದ ಬಾಲ ಎಳೆಯುತ್ತಿದ್ದಳು, ಯುರೋಪಿನವರ ರೂಢಿ ಅದು. ಏಳಕ್ಕಾದರೆ ನಡುವೆ ಅಡ್ಡಗೆರೆ ಹಾಕುತ್ತಿದ್ದಳು. ಹೊಸಬಳಾದ ನಾನು ಹಲವು ಕಡೆ ಒಂದನ್ನು ಏಳು ಎಂದು ಓದಿ, ಮೂವತ್ತೊಂದನ್ನು ಮೂವತ್ತೇಳು ಮಾಡಿಬಿಟ್ಟಿದ್ದೆ. ತಿದ್ದಿದ ಮೇಲೆ ಹತ್ತರಲ್ಲಿ ಏಳು ಆರಕ್ಕೆ ಇಳಿಯಿತು. ಕೆಲವು ದಿನ ಮೂವತ್ತೇಳು ನಿಜವಾಗಿಯೂ ಮೂವತ್ತೇಳೇ ಆಗಿತ್ತು. ಆರಕ್ಕಿಂತ ಕೆಳಗೆ ಹೋಗಲಿಲ್ಲ.

ಇಬ್ಬರೂ ತಂಡದ ಮುಖ್ಯಸ್ಥನ ಕೋಣೆಗೆ ಹೋದೆವು. ಅವನು ಕೆಟ್ಟವನಲ್ಲ, ಕರಾರುವಾಕ್ಕಾದ ಮನುಷ್ಯ. ಎರಡೂ ಹಾಳೆಗಳನ್ನು ಓದಿದ. ಅವನು ಎತ್ತಿದ ಒಂದೊಂದು ಆಕ್ಷೇಪವೂ ನ್ಯಾಯವಾಗಿತ್ತು: ಹತ್ತು ಹನ್ನೊಂದು ಆಗಸ್ಟ್ ಬಹಳ ಕಡಿಮೆ, ಆ ಎತ್ತರದಲ್ಲಿ ಮಾದರಿಯ ಕೈ ಅಷ್ಟೇನೂ ಪಳಗಿಲ್ಲ, ಮನೆ ನೋಡಿಕೊಳ್ಳುವ ಹೆಂಗಸಿನ ಪೆಟ್ಟಿಗೆಯನ್ನು ಯಾರೂ ತಪಾಸಣೆ ಮಾಡಿಲ್ಲ, ಮೇಲಾಗಿ ಸಹಿ ಹಾಕಿದ ಮುನ್ನೋಟವನ್ನು ಹಿಂತೆಗೆದುಕೊಂಡರೆ ಕಂಪನಿಯ ಮಾತಿಗೆ ಏನು ಬೆಲೆ. ನಿನ್ನ ಹೆಸರಲ್ಲೇ ಹಿಂತೆಗೆದುಕೊಳ್ಳಬೇಕಾಗುತ್ತದೆ ಎಂದೂ ಸೇರಿಸಿದ, ಪ್ರೋಬೆಟ್ಸೈಟ್ ಎಂಬ ಶಬ್ದವನ್ನು ಮಾತ್ರ ಆಡಲಿಲ್ಲ. ಆಮೇಲೆ ನೇರವಾಗಿ ಕೇಳಿದ: ಹತ್ತರಲ್ಲಿ ನಾಲ್ಕು ಸಲ ನೀನು ಅವರ ಪ್ರವಾಸವನ್ನು ಸುಮ್ಮನೆ ಕಿತ್ತುಕೊಂಡಂತಾಗುತ್ತದೆ, ಗೊತ್ತಿದೆಯೇ?

ಗೊತ್ತಿದೆ ಎಂದೆ. ಆದರೆ ಮೊದಲ ಹಾಳೆಯಲ್ಲಿ ನಾನು ಬರೆದದ್ದು ಅನುಮಾನವಲ್ಲ, ತಪ್ಪು. ಎತ್ತರದಲ್ಲಿ ಹಿತವಾಗಿರುತ್ತದೆ ಎಂಬ ಎರಡು ಸಾಲನ್ನು ನಂಬಿ ಅವರು ಹೊರಟಿದ್ದಾರೆ. ಅದನ್ನು ಹಾಗೇ ಬಿಡಲಾರೆ ಎಂದೆ. ಜರ್ಮನ್ ವ್ಯಾಕರಣ ಕೆಟ್ಟಿತು. ಹಾಗಾದರೆ ನಮಗೆ ಎಷ್ಟು ಗೊತ್ತಿಲ್ಲ ಎಂಬುದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಿರಿ ಎಂದ ಅವನು. ಬರೆದೆವು. ಇಬ್ಬರೂ ಸಹಿ ಹಾಕಿದೆವು.

ಸಂಘದವರು ಎರಡೇ ದಿನದಲ್ಲಿ ಪ್ರವಾಸ ರದ್ದು ಮಾಡಿದರು. ಸಂಯೋಜಕಿ ಸ್ವತಃ ನರ್ಸ್. ತನಗೆ ಹತ್ತರಲ್ಲಿ ಎರಡು ಇದ್ದರೂ ಸಾಕಿತ್ತು ಎಂದು ಫೋನಿನಲ್ಲಿ ಹೇಳಿದಳು. ಸಮುದ್ರದ ಮಟ್ಟದಲ್ಲಿ ಬೇರೆ ಮನೆ ಹುಡುಕಿದಳು, ಆಗಸ್ಟಿಗೆ ಒಂದೂ ಖಾಲಿ ಇರಲಿಲ್ಲ. ಆ ಸಂಜೆಯೇ ಮುದುಕರ ಫೋನ್ ಬಂತು.

"ಇದು ನೀವು ಬರೆದದ್ದೇ?" ಎಂದರು.

"ಹೌದು. ಮೊದಲನೆಯದೂ ನಾನೇ ಬರೆದದ್ದು, ಅದು ತಪ್ಪಾಗಿತ್ತು."

ಸರಿ ಎಂದು ಫೋನ್ ಇಟ್ಟರು.

ಜೂನ್‌ನಲ್ಲಿ ನನ್ನ ಪ್ರೋಬೆಟ್ಸೈಟ್ ಮುಗಿಯಿತು, ಕೆಲಸ ಉಳಿಯಿತು. ಧಾರವಾಡದ ಅಣ್ಣ ಮನೆಯಿಂದ ಹೋಳಿಗೆ ಮಾಡಿಸಿಕೊಂಡು ತಂದರು.

ಆಗಸ್ಟ್ ಒಂದರಿಂದ ಪ್ರತಿದಿನ ಬೆಳಿಗ್ಗೆ ಕಚೇರಿಗೆ ಬಂದವಳು ಮೊದಲು ಆ ದ್ವೀಪದ ಉಪಗ್ರಹ ಚಿತ್ರ ತೆರೆಯುತ್ತಿದ್ದೆ. ಬಾಯಿ ಬಿಟ್ಟು ಹೇಳಲು ನಾಚಿಕೆಯಾಗುತ್ತದೆ, ನಾನು ದೂಳು ಹುಡುಕುತ್ತಿದ್ದೆ. ಒಂದು ಹಳದಿ ಪಟ್ಟಿ ಪೂರ್ವದಿಂದ ಬಂದು ಆ ಬೆಟ್ಟದ ಮೇಲೆ ಕೂರಲಿ, ನಾನು ಸರಿ ಎನಿಸಿಕೊಳ್ಳಲಿ ಎಂದು ಕಾಯುತ್ತಿದ್ದೆ. ಅಲ್ಲಿ ಬೇರೆ ಜನ, ಬೇರೆ ಮುದುಕರು, ಬೇರೆ ಶ್ವಾಸಕೋಶಗಳೂ ಇರುತ್ತವೆ ಎಂಬುದು ಆಗ ನೆನಪಾಗುತ್ತಿರಲಿಲ್ಲ. ದೂಳು ಬರಲಿಲ್ಲ. ಈಶಾನ್ಯದ ಗಾಳಿ ಒಂದೇ ಸಮನೆ ಬೀಸಿತು. ದ್ವೀಪದ ಬಡಗು ಮಗ್ಗುಲಿಗೆ ಬಿಳಿ ಮೋಡ ದಿನವೂ ಒತ್ತಿಕೊಂಡಿತ್ತು, ಬೆಟ್ಟದ ತಲೆ ದಿನವೂ ಅದರ ಮೇಲೆ ಸ್ವಚ್ಛವಾಗಿ ಕಾಣುತ್ತಿತ್ತು. ಹತ್ತರಲ್ಲಿ ಆರು ಎಂದರೆ ಆರು ಮಾತ್ರ, ಹತ್ತಲ್ಲ. ನಮ್ಮ ಕಸುಬಿನ ಲೆಕ್ಕದಲ್ಲಿ ನಾನು ತಪ್ಪಿರಲಿಲ್ಲ. ಆ ಲೆಕ್ಕದಿಂದ ನನಗೆ ಯಾವ ಸಮಾಧಾನವೂ ಸಿಗಲಿಲ್ಲ.

ಸೆಪ್ಟೆಂಬರ್ ಮಧ್ಯದಲ್ಲಿ ಮುದುಕರು ಸಂಯೋಜಕಿಯ ಮೂಲಕ ಹೇಳಿ ಕಳಿಸಿದರು: ಆ ಹುಡುಗಿ ಒಮ್ಮೆ ಬರಬಹುದೇ, ಆಗಸ್ಟಿನಲ್ಲಿ ಅಲ್ಲಿ ಹೇಗಿತ್ತು ಎಂದು ಹೇಳಬಹುದೇ. ಬಹಳ ದೂಳು ಬಂತು, ಹೋಗದಿದ್ದುದೇ ಒಳ್ಳೆಯದಾಯಿತು ಎಂದು ಒಂದು ಮಾತು ಹೇಳಿಬಿಡಬಹುದಿತ್ತು. ಅವರಿಗೆ ತಿಳಿಯುವ ದಾರಿ ಇರಲಿಲ್ಲ, ಅಷ್ಟರಲ್ಲಿ ಅವರು ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಧಾರವಾಡದ ಅಣ್ಣನನ್ನು ಕೇಳಿದೆ. ಅವರು ಮನೆ ನೋಡಿಕೊಳ್ಳುವ ಹೆಂಗಸಿಗೆ ಬರೆದು ಆ ಆಗಸ್ಟಿನ ಪುಟಗಳನ್ನು ತರಿಸಿ, ಪ್ರಿಂಟ್ ಹಾಕಿ ನನ್ನ ಕೈಯಲ್ಲಿಟ್ಟರು.

ಟ್ರಾಮಿನಲ್ಲಿ ಮೂರು ಸ್ಟಾಪ್ ಹೋದೆ. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು, ಮೇ ತಿಂಗಳಲ್ಲಿ ನೋಡಿದವರ ಅರ್ಧ ಆಗಿದ್ದರು. ಕೂರುವ ಮೊದಲೇ ಹೇಳಿಬಿಟ್ಟೆ: ದೂಳು ಬರಲಿಲ್ಲ. ಒಂದು ದಿನವೂ ಬರಲಿಲ್ಲ. ನೀವು ಹೋಗಬಹುದಿತ್ತು. ಕ್ಷಮಿಸಿ.

"ನೀವು ಹತ್ತರಲ್ಲಿ ಆರು ಅಂದಿರಿ. ಉಳಿದ ನಾಲ್ಕೂ ಇದ್ದವಲ್ಲ. ನನಗೂ ಲೆಕ್ಕ ಬರುತ್ತದೆ" ಎಂದರು. ಉಸಿರು ತುಂಬಿಕೊಂಡು ಮುಂದುವರಿಸಿದರು. "ಆದರೆ ನನ್ನ ಹತ್ತಿರ ಇದ್ದದ್ದು ಹತ್ತು ಬೇಸಿಗೆ ಅಲ್ಲ. ಒಂದೇ."

ಕಣ್ಣು ತುಂಬಿ ಬಂತು, ಅಡಗಿಸಲು ಹಾಳೆಗಳ ಕಡೆ ತಲೆ ತಗ್ಗಿಸಿದೆ. ಏನದು ಎಂದು ಕೇಳಿದರು. ಆ ಮನೆಯ ನೋಟ್‌ಬುಕ್, ನೀವು ಅಲ್ಲಿರಬೇಕಾಗಿದ್ದ ಹದಿನಾಲ್ಕು ದಿನ ಎಂದೆ. ಅವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು, ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿಕೊಂಡು, ಕಣ್ಣು ಮುಚ್ಚಿದರು. ಓದಿ ಎಂದರು.

ಓದಿದೆ. ಮೊದಲ ದಿನ, ಬೆಳಿಗ್ಗೆ ಏಳು, ಹದಿನೆಂಟು ಡಿಗ್ರಿ. ಮಧ್ಯಾಹ್ನ ಎರಡು, ಇಪ್ಪತ್ತಾರು. ಸಂಜೆ ಏಳು, ಇಪ್ಪತ್ತೊಂದು. ಒಂದನ್ನು ಏಳು ಎಂದು ಓದದಂತೆ ಬೆರಳಿಟ್ಟುಕೊಂಡು ಓದಿದೆ. ಎರಡನೆಯ ದಿನ, ಮೂರನೆಯ ದಿನ. ಎಲ್ಲಿಯೂ ಕೆಂಪು ಗೆರೆ ಇರಲಿಲ್ಲ. ಅವಸರ ಮಾಡಬೇಡಿ ಎಂದು ಒಮ್ಮೆ ಹೇಳಿದರು, ಆಮೇಲೆ ದಿನಕ್ಕೊಂದು ನಿಮಿಷ ಬಿಟ್ಟು ಓದಿದೆ. ಹದಿಮೂರನೆಯ ದಿನ ಮುಗಿಯುವಾಗ ನಿದ್ದೆ ಹೋಗಿದ್ದಾರೆ ಎಂದುಕೊಂಡೆ. ಕೊನೆಯ ದಿನದ ಸಂಜೆಯ ತಾಪಮಾನ ಓದಿ ಹಾಳೆ ಮಡಚಲು ಹೋದಾಗ ಅವರ ತುಟಿ ಅಲುಗಿತು.

"ಗಾಳಿ?"

"ಈಶಾನ್ಯದಿಂದ. ಸಣ್ಣಗೆ."

"ಮೋಡ?"

"ಕೆಳಗೆ" ಎಂದೆ.